ಹಿಂದಕ್ಕೆ ಬಾಯಿ ಮಾಡಿದ ಸೊಂಡಿಲು

ಈ ವರ್ಷ ಏಪ್ರಿಲ್ ಒಂಬತ್ತರಂದು ಬೆಳಿಗ್ಗೆ ಹನ್ನೊಂದು ಗಂಟೆಗೆ ಶಿವಾಜಿನಗರ ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಆಟೋ ಟಾಪ್ ಹೊಲಿಯುವ ಒಂದು ಅಂಗಡಿ ಖಾಲಿಯಾಯಿತು. ಹೊಲಿಗೆ ಯಂತ್ರವನ್ನು ಮಾಲೀಕರ ಮಗಳು ಗೂಡ್ಸ್ ಆಟೋದಲ್ಲಿ ಹಾಕಿಸಿಕೊಂಡು ಕೆ.ಆರ್. ಪುರದ ತಮ್ಮ ಮನೆಗೆ ಸಾಗಿಸಿದರು. ಮಾಲೀಕರು ಅದಕ್ಕೆ ಆರು ದಿನ ಮುಂಚೆ, ಶುಕ್ರವಾರ, ತೀರಿಕೊಂಡಿದ್ದರು. ವಯಸ್ಸು ಎಪ್ಪತ್ತೊಂದು ಎಂದು ಮಗಳು ಹೇಳಿದರು. ಮಾಲೀಕರೇ ನನಗೆ ಒಮ್ಮೆ ಅರವತ್ತೆಂಟು ಎಂದೂ ಇನ್ನೊಮ್ಮೆ ಎಪ್ಪತ್ತಮೂರು ಎಂದೂ ಹೇಳಿದ್ದರು.

ಗಲ್ಲಿಯಲ್ಲಿ ಎಲ್ಲರೂ ಅವರನ್ನು ಉಸ್ತಾದ್ ಎನ್ನುತ್ತಿದ್ದರು. ಹೆಸರು ಹಾಕಬೇಡಿ ಎಂದು ಅವರು ಹೇಳಿದ್ದು ಒಂದು ಸಲವಲ್ಲ. ಆದ್ದರಿಂದ ಇಲ್ಲಿಯೂ ಉಸ್ತಾದ್ ಎಂದೇ ಬರೆಯುತ್ತೇನೆ.

ಅವರ ಪರಿಚಯವಾದದ್ದು ಒಂದು ಕೆಲಸ ಆಗದೇ ಹೋದದ್ದರಿಂದ. ಕಾಕ್ಸ್ ಟೌನಿನ ನಮ್ಮ ಮನೆಯ ಬಾಲ್ಕನಿಗೆ ರೆಕ್ಸಿನ್ನಿನ ಚಪ್ಪರ ಹೊಲಿಸಲು ಹೋಗಿದ್ದೆ. ಅಳತೆ ಬರೆದ ಚೀಟಿ ಕೊಟ್ಟೆ. ಅವರು ಚೀಟಿ ನೋಡಲಿಲ್ಲ.

"ಅಲ್ಲಿ ಯಾರು ಕೂತ್ಕೋತಾರೆ ಸಾರ್?"

"ಯಾರೂ ಇಲ್ಲ. ಬಟ್ಟೆ ಒಣಗಿಸ್ತೀವಿ."

"ಮತ್ತೆ ಬಟ್ಟೆಗ್ಯಾಕೆ ಸಾರ್ ನೆರಳು? ಬಿಸಿಲು ಬೇಕು ಅದಕ್ಕೆ. ಹೋಗಿ, ಹೋಗಿ."

ನಾನು ಹೋಗಲಿಲ್ಲ, ಯಾಕೆಂದರೆ ಅಂಗಡಿಯೊಳಗೆ ತಂಪಾಗಿತ್ತು. ತಗಡಿನ ಮಾಡು, ಮಾರ್ಚ್ ತಿಂಗಳು, ಮಧ್ಯಾಹ್ನ ಎರಡು ಗಂಟೆ. ಫ್ಯಾನ್ ಇರಲಿಲ್ಲ. ಕಾರಣ ಕೇಳಿದೆ. ಹಿಂದಿನ ಗೋಡೆಯಲ್ಲಿ ಮಾಡಿನ ಕೆಳಗೇ ಆರು ಇಟ್ಟಿಗೆ ತೆಗೆದಿದ್ದರು. ಮುಂದೆ, ಮೆಟ್ಟಿಲ ಪಕ್ಕದಲ್ಲಿ, ನೆಲಕ್ಕೆ ಹತ್ತಿ ಎರಡು ಇಟ್ಟಿಗೆ ತೆಗೆದಿದ್ದರು. ಅಷ್ಟೇ.

"ಫ್ಯಾನ್ ಗಾಳಿ ತರಲ್ಲ ಸಾರ್. ಒಳಗಿರೋದನ್ನೇ ತಿರುಗಿಸ್ತದೆ, ಕುದಿಯೋ ಸಾರಿಗೆ ಸೌಟು ಹಾಕ್ದಂಗೆ. ಗಾಳಿ ಅಂದ್ರೆ ಪ್ಯಾಸೆಂಜರ್. ಹತ್ತೋಕೆ ಬಾಗ್ಲು ಇದ್ರೆ ಸಾಲ್ದು, ಇಳಿಯೋಕೂ ಬೇಕು. ಒಳಗಿರೋರು ಇಳೀದೆ ಇದ್ರೆ ಹೊರಗಿರೋನು ಎಲ್ಲಿ ಹತ್ತೋದು?"

ಇಳಿಯುವ ಬಾಗಿಲು ಹತ್ತುವ ಬಾಗಿಲಿಗಿಂತ ದೊಡ್ಡದಿರಬೇಕು, ಮೇಲಿರಬೇಕು ಎಂಬುದು ಅವರ ಲೆಕ್ಕ. ಶಾಲೆಯಲ್ಲಿ ಕಲಿತದ್ದಲ್ಲ. ಮೂರನೇ ತರಗತಿಗೆ ಶಾಲೆ ಬಿಟ್ಟವರು. ಮನೆಯಲ್ಲಿ ದಖ್ನಿ, ರೆಕ್ಸಿನ್ ವ್ಯಾಪಾರಿಯ ಜೊತೆ ತಮಿಳು, ಡ್ರೈವರುಗಳ ಜೊತೆ ಕನ್ನಡ. ಕನ್ನಡ ಓದಲು ಕಲಿತದ್ದು ಆಟೋಗಳ ಬೆನ್ನಿನಿಂದ. ಹರಿದ ಟಾಪಿಗೆ ತೇಪೆ ಹಾಕುವಾಗ ಬೆನ್ನ ಮೇಲೆ ಬರೆಸಿದ ಸಾಲಿನ ಅಕ್ಷರ ಕತ್ತರಿಸಿಹೋಗಬಾರದು ಎಂದು ಒಂದೊಂದೇ ಅಕ್ಷರ ಕೇಳಿ ತಿಳಿದುಕೊಂಡರಂತೆ. ನಾನು ಕಂಡಾಗ ದಿನಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯವರೆಗೆ ಓದುತ್ತಿದ್ದರು. ನಾನು ಕೆಲಸ ಮಾಡುವ ಪತ್ರಿಕೆಯ ಹೆಸರು ಹೇಳಿದಾಗ, "ನಿಮ್ದ್ರಲ್ಲಿ ಎರಡನೇ ಪುಟದ ಕೆಳಗೆ ತಿದ್ದುಪಡಿ ಹಾಕ್ತೀರಲ್ಲ, ಅದು ನಂಗಿಷ್ಟ," ಎಂದರು. ತಪ್ಪು ಒಪ್ಪಿಕೊಳ್ಳುವ ಜಾಗ ಇಟ್ಟುಕೊಂಡಿರುವ ಕಸುಬು ಅವರಿಗೆ ಬೇರೆ ಯಾವುದೂ ಗೊತ್ತಿರಲಿಲ್ಲ.

ಎಡಗಿವಿಯ ಮೇಲೆ ಸೀಮೆಸುಣ್ಣ, ಕೆಳತುಟಿಯಲ್ಲಿ ಅಂಟಿಕೊಂಡ ಒಂದು ಗೇಣು ದಾರ. ಕನ್ನಡಕದ ಮುರಿದ ಕಾಲಿಗೆ ನೈಲಾನ್ ದಾರ ಕಟ್ಟಿದ್ದರು. ತುಟಿಯ ದಾರ ಹೊಲಿಯಲು ಅಲ್ಲ. ಯಾವುದೇ ಜಾಗಕ್ಕೆ ಹೋದರೂ ಅದನ್ನು ತೆಗೆದು ಎರಡು ಬೆರಳಲ್ಲಿ ಇಳಿಬಿಟ್ಟು ಒಂದು ನಿಮಿಷ ನೋಡುತ್ತಿದ್ದರು. ಗಾಳಿ ಯಾವ ಕಡೆಗೆ ಎಂದು ದಾರ ಹೇಳುತ್ತಿತ್ತು. ನಮ್ಮ ಪತ್ರಿಕೆಯ ಕಚೇರಿಗೆ ಒಮ್ಮೆ ಬಂದವರು ಎ.ಸಿ. ಹಾಲಿನ ನಡುವೆ ನಿಂತು ದಾರ ಹಿಡಿದರು. ಅದು ಅಲ್ಲಾಡಲಿಲ್ಲ. "ನಿನ್ನೆ ಬಂದ ಗಾಳಿ ಇನ್ನೂ ಇಲ್ಲೇ ಇದೆ ಸಾರ್," ಎಂದು ಹೇಳಿ ಹೊರಗೆ ಹೋಗಿ ಕುಳಿತರು.

ಆಟೋದಲ್ಲಿ ಪ್ರಯಾಣ ಮಾಡುವಾಗ ಟಾಪಿನ ಹೊಲಿಗೆಯ ಮೇಲೆ ಉಗುರು ಓಡಿಸುತ್ತಿದ್ದರು. ತಮ್ಮದೇ ಹೊಲಿಗೆಯಾದರೆ ಸುಮ್ಮನಿರುತ್ತಿದ್ದರು. ಬೇರೆಯವರದಾದರೆ ಇಳಿಯುವವರೆಗೆ ಡ್ರೈವರಿಗೆ ಪಾಠ. ಟಿನ್ ಫ್ಯಾಕ್ಟರಿ ಸಿಗ್ನಲಿನಲ್ಲಿ ಒಬ್ಬ ಡ್ರೈವರ್ ಸಹನೆ ಕಳೆದುಕೊಂಡು, "ಗುರು, ನೀನು ಪ್ಯಾಸೆಂಜರಾ, ಆರ್‌ಟಿಓನಾ?" ಎಂದು ಕೇಳಿದ್ದನ್ನು ನಾನು ಕೇಳಿಸಿಕೊಂಡಿದ್ದೇನೆ.

ಎರಡು ವರ್ಷದ ಹಿಂದೆ ಜುಲೈಯಲ್ಲಿ ಅವರು ನನಗೆ ಫೋನ್ ಮಾಡಿದರು.

"ಸಾರ್, ಮಹದೇವಪುರದಲ್ಲಿ ದೋಣಿ ಬಂದಿದೆ."

ಮಳೆಗಾಲದಲ್ಲಿ ಮಹದೇವಪುರದ ರಸ್ತೆಗಳಲ್ಲಿ ದೋಣಿ ಇಳಿಸಿದ ಸುದ್ದಿ ನಮಗೆ ಹೊಸದಲ್ಲ. "ಅಂಥಾ ಮಳೆ ಬಂದಿಲ್ವಲ್ಲ ಉಸ್ತಾದ್?" ಎಂದೆ.

"ಅದಲ್ಲ ಸಾರ್. ಹಾಯಿ ಇರೋದು. ಒಳಗೆ ಮನೆ ಇದೆ. ಬನ್ನಿ."

ದೋಣಿ ಇಬ್ಬರು ಅಕ್ಕತಂಗಿಯರದು. ಮಹದೇವಪುರದ ಹಳೆಯ ರೈತ ಕುಟುಂಬದವರು. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಗಾಜಿನ ಕಟ್ಟಡಗಳಿವೆ, ಅವುಗಳ ನಡುವೆ ಇವರ ಪಾಲಿನ ಒಂದು ಶೆಡ್ಡು ಉಳಿದಿದೆ. ತಂಗಿ ಕಾಕ್ಸ್ ಟೌನಿನ ಶಾಲೆಯೊಂದರಲ್ಲಿ ಭೂಗೋಳ ಕಲಿಸಿ ನಿವೃತ್ತರಾದವರು. ಕಾಲೇಜಿನಲ್ಲಿ ನೌಕಾ ಕೆಡೆಟ್ ಆಗಿದ್ದಾಗ ಹಲಸೂರು ಕೆರೆಯಲ್ಲಿ ಹಾಯಿ ಕಟ್ಟಲು ಕಲಿತಿದ್ದರು. ಇಪ್ಪತ್ತಾರು ಅಡಿಯ ಹಳೆಯ ದೋಣಿಯೊಂದನ್ನು ಕೊಂಡು, ಲಾರಿಯಲ್ಲಿ ತರಿಸಿ, ಶೆಡ್ಡಿನ ಮುಂದಿನ ಅಂಗಳದಲ್ಲಿ ಮರದ ದಿಮ್ಮಿಗಳ ಮೇಲೆ ನಿಲ್ಲಿಸಿ ರಿಪೇರಿ ಮಾಡಿಸುತ್ತಿದ್ದರು. ಅದಕ್ಕೆ ಚಪ್ಪರ ಹೊಲಿಸಲು ಉಸ್ತಾದರನ್ನು ಕರೆಸಿದ್ದರು. ರಿಪೇರಿ ಮುಗಿದ ಮೇಲೆ ಅದನ್ನು ಅಘನಾಶಿನಿ ನದಿ ಸಮುದ್ರ ಸೇರುವಲ್ಲಿ ಇಳಿಸಿ, ಮಳೆಗಾಲ ಬಿಟ್ಟು ಉಳಿದ ತಿಂಗಳು ಇಬ್ಬರೂ ಅದರಲ್ಲೇ ಇರುವುದು ಎಂದು ತೀರ್ಮಾನವಾಗಿತ್ತು.

ಒಂದೇ ತೊಡಕು ಅಕ್ಕನವರ ಉಸಿರು. ಅವರಿಗೆ ಎಪ್ಪತ್ತರ ಮೇಲೆ. ಆಸ್ತಮಾ ಇತ್ತು. ಸೆಕೆಯಲ್ಲಿ ಮುಚ್ಚಿದ ಜಾಗದಲ್ಲಿ ಇರಲಾಗುತ್ತಿರಲಿಲ್ಲ. ನಾನು ಹೋದ ದಿನ ಅವರು ಕ್ಯಾಬಿನ್ನಿನೊಳಗೆ ಹತ್ತು ನಿಮಿಷ ಕುಳಿತು, ಬೆವರಿ, ಏದುಸಿರು ಬಿಡುತ್ತಾ ತಂಗಿಯ ತೋಳು ಹಿಡಿದು ಏಣಿ ಇಳಿದರು. ಫೈಬರ್ ಮಾಡು ಬಿಸಿಲಿಗೆ ಕಾದಿತ್ತು. ಲಂಗರು ಹಾಕಿದ ದೋಣಿಯಲ್ಲಿ ಎ.ಸಿ. ಓಡಿಸಲು ಕರೆಂಟು ಇರುವುದಿಲ್ಲ.

"ನೀನು ಹೋಗಿ ಬಾರೇ," ಎಂದು ಅಕ್ಕ ಹೇಳಿದರು. "ನಾನು ಮನೇಲೇ ಇರ್ತೀನಿ."

"ನೀನಿಲ್ದೆ ನಾನು ಹೋಗಲ್ಲ. ಮಾರ್‌ಬಿಡ್ತೀನಿ ಇದನ್ನ."

ಉಸ್ತಾದ್ ಅಷ್ಟರಲ್ಲಿ ಕ್ಯಾಬಿನ್ನಿನೊಳಗೆ ಹೋಗಿದ್ದರು. ಅಲ್ಲಿಂದಲೇ ಕೂಗಿದರು. "ಅಮ್ಮಾ, ನೀವು ಮಲಗೋವಾಗ ತಲೆ ಯಾವ ಕಡೆ?"

ಇದು ಅವರ ಕಸುಬಿನ ಕ್ರಮ. ಆಟೋ ಟಾಪಿನ ಅಳತೆಯನ್ನು ಅವರು ಆಟೋದಿಂದ ಶುರು ಮಾಡುತ್ತಿರಲಿಲ್ಲ. ಡ್ರೈವರನ್ನು ಸೀಟಿನಲ್ಲಿ ಕೂರಿಸಿ, ಅವನ ತಲೆ ಎಲ್ಲಿ ಬರುತ್ತದೆ ಎಂದು ಮೊದಲು ನೋಡುತ್ತಿದ್ದರು. ಕಿಂಡಿ ಬಾಗಿಲುಗಳ ಅಳತೆಯ ಚೀಟಿಯನ್ನು ತಂಗಿ ಕೊಟ್ಟರು. ಅದು ಅವರ ಜೇಬು ಸೇರಿತು. ಅಕ್ಕನವರು ಸುಧಾರಿಸಿಕೊಂಡ ಮೇಲೆ ಅವರನ್ನು ಹಲಗೆಯ ಮೇಲೆ ಎರಡು ನಿಮಿಷ ಮಲಗಿಸಿ, ಮೂಗು ಬರುವ ಜಾಗದ ಪಕ್ಕ ಸೀಮೆಸುಣ್ಣದಿಂದ ಒಂದು ಗುಣಾಕಾರದ ಗುರುತು ಹಾಕಿದರು.

"ಉಸಿರು ಇಲ್ಲಿರ್ತದೆ. ಗಾಳಿ ಇಲ್ಲಿಗೆ ಬರ್ಬೇಕು. ಬಂದು ಹೋಗ್ಬೇಕು. ಇಲ್ಲಿ ನೀವು ನಿದ್ದೆ ಮಾಡ್ತೀರಿ ಅಮ್ಮಾ. ನಾನು ಹೇಳ್ತಾ ಇದೀನಿ."

"ನೀವು ಹೇಳಿದ್ರೆ ಆಗ್ಬಿಡುತ್ತಾ?" ಅಕ್ಕ ನಕ್ಕರು.

"ಆಗದೇ ಇದ್ರೆ ಅಂಗಡಿ ಬಾಗ್ಲು ಹಾಕ್ತೀನಿ."

ಅವರು ತಮಾಷೆಗೆ ಹೇಳಿದ್ದಲ್ಲ ಎಂದು ಗೊತ್ತಿದ್ದವನು ಅಲ್ಲಿ ನಾನೊಬ್ಬನೇ.

ಮೊದಲು ನೆರಳು ಮಾಡಿದರು. ಕ್ಯಾಬಿನ್ನಿನ ಮಾಡಿನ ಮೇಲೆ ಬಿಳಿ ಕ್ಯಾನ್ವಾಸಿನ ಚಪ್ಪರ. ಮಾಡಿಗೂ ಬಟ್ಟೆಗೂ ನಡುವೆ ಒಂದು ಗೇಣು ಖಾಲಿ ಬಿಟ್ಟರು. ಬಟ್ಟೆ ಮಾಡಿಗೆ ತಾಗಿದರೆ ಅದು ನೆರಳಲ್ಲ, ಕಂಬಳಿ ಎಂದರು. ಆಮೇಲೆ ಗಾಳಿಯ ಕೆಲಸ. ಕ್ಯಾಬಿನ್ನಿಗೆ ಎರಡೇ ದಾರಿ. ಹಿಂದೆ ಒಳಕ್ಕೆ ಇಳಿದು ಹೋಗುವ ಬಾಗಿಲು, ಮುಂದೆ ಮೂತಿಯ ಹತ್ತಿರ ಮಾಡಿನಲ್ಲಿ ಒಂದು ಚೌಕ ಕಿಂಡಿ. ಆ ಕಿಂಡಿಯ ಮೇಲೆ ನಿಲ್ಲುವ ಬಟ್ಟೆಯ ಕೊಳವೆ ಬೇಕಿತ್ತು. ತಂಗಿ ಅದಕ್ಕೆ ವಿಂಡ್ ಸ್ಕೂಪ್ ಎನ್ನುತ್ತಿದ್ದರು. ಉಸ್ತಾದ್ ಸೊಂಡಿಲು ಎಂದರು. ಕೆಳಗಿನ ತುದಿ ಕಿಂಡಿಗೆ ಬಿಗಿಯಾಗಿ ಕೂರುತ್ತದೆ. ಮೇಲಿನ ತುದಿಯನ್ನು ಹಗ್ಗದಿಂದ ಎತ್ತಿ ಕಟ್ಟುತ್ತಾರೆ. ಒಂದು ಪಕ್ಕದಲ್ಲಿ ಅಗಲವಾದ ಬಾಯಿ. ಬೀಸುವ ಗಾಳಿ ಆ ಬಾಯಿಗೆ ಸಿಕ್ಕಿ ಕೆಳಗೆ ಇಳಿಯುತ್ತದೆ.

ಪ್ಯಾರಾಚೂಟ್ ಬಟ್ಟೆಯಲ್ಲಿ ಹೊಲಿದರು. ಬಾಯಿ ಮುಚ್ಚಿಕೊಳ್ಳದಂತೆ ಬೆತ್ತದ ಬಳೆ ಹಾಕಿದರು. ಕಿಂಡಿ ಮೂತಿಯ ಕಡೆಗೆ ಕಿರಿದಾಗುತ್ತಾ ಹೋಗುತ್ತಿದ್ದುದರಿಂದ ಅದೇ ಆಕಾರಕ್ಕೆ ಬುಡ ಕತ್ತರಿಸಿ, ಕಟ್ಟುವ ಹಗ್ಗ ಪೋಣಿಸಲು ಸುತ್ತಲೂ ಒಂಬತ್ತು ಹಿತ್ತಾಳೆಯ ಉಂಗುರ, ಅಂದರೆ ಐಲೆಟ್, ಬಡಿದರು. ಒಂದೇ ರೀತಿಯಲ್ಲಿ ಕೂರುತ್ತಿತ್ತು, ತಿರುಗಿಸಿ ಕೂರಿಸಲು ಬರುತ್ತಿರಲಿಲ್ಲ. ಮೂರು ವಾರ ಹಿಡಿಯಿತು. ಏಳು ಸಲ ಮಹದೇವಪುರಕ್ಕೆ ಹೋಗಿ ಬಂದರು. ಪ್ರತಿ ಸಲವೂ ಹಲಗೆಯ ಗುರುತಿನ ಮೇಲೆ ದಾರ ಇಳಿಬಿಟ್ಟು ನೋಡಿದರು.

ಆಗಸ್ಟಿನ ಒಂದು ಮಧ್ಯಾಹ್ನ ದಾರ ಅಡ್ಡಡ್ಡ ಮಲಗಿತು. ಅಕ್ಕನವರನ್ನು ಹತ್ತಿಸಿದರು. ಅವರು ಮಲಗಿದರು. ಹತ್ತು ನಿಮಿಷವಾಯಿತು, ಇಪ್ಪತ್ತಾಯಿತು. ತಂಗಿ ಇಣುಕಿ ನೋಡಿ ಬಾಯಿಯ ಮೇಲೆ ಬೆರಳಿಟ್ಟುಕೊಂಡು ಬಂದರು. ಅಕ್ಕ ಗೊರಕೆ ಹೊಡೆಯುತ್ತಿದ್ದರು. ಉಸ್ತಾದ್ ಅಂಗಳದ ಕಲ್ಲಿನ ಮೇಲೆ ಕುಳಿತು, ಎದುರಿನ ಗಾಜಿನ ಕಟ್ಟಡದಲ್ಲಿ ಮೋಡ ಹೋಗುವುದನ್ನು ನೋಡುತ್ತಾ ಅರ್ಧ ಲೋಟ ಚಹಾವನ್ನು ಒಂದು ಗಂಟೆ ಕುಡಿದರು.

ಸೆಪ್ಟೆಂಬರಿನಲ್ಲಿ ನಾನು ನಗರ ಪುಟಕ್ಕೆ ಇನ್ನೂರು ಪದಗಳ ಒಂದು ಸುದ್ದಿ ಬರೆದೆ. ಅದರಲ್ಲಿ ಒಂದು ವಾಕ್ಯ ಹೀಗಿತ್ತು: 'ಗಾಳಿ ಬರುವ ದಿಕ್ಕಿಗೆ ಬಾಯಿ ಮಾಡಿ ನಿಲ್ಲುವ ಈ ಬಟ್ಟೆಯ ಸೊಂಡಿಲು ದೋಣಿಯ ಕೋಣೆಯನ್ನು ವಿದ್ಯುತ್ ಇಲ್ಲದೆ ತಂಪಾಗಿಡುತ್ತದೆ.' ಉಸ್ತಾದ್ ಆ ತುಣುಕನ್ನು ಕತ್ತರಿಸಿ ಹೊಲಿಗೆ ಯಂತ್ರದ ಮೇಲಿನ ಗೋಡೆಗೆ ಅಂಟಿಸಿದರು. ಮಾರನೇ ಫೆಬ್ರವರಿಯಲ್ಲಿ ದೋಣಿ ಲಾರಿ ಹತ್ತಿ ಕರಾವಳಿಗೆ ಹೋಯಿತು. ಅಕ್ಕತಂಗಿಯರೂ ಹೋದರು.

ಏಪ್ರಿಲ್ ತಿಂಗಳಲ್ಲಿ ಒಂದು ಸಂಜೆ ನಾವಿಬ್ಬರೂ ಹಲಸೂರು ಕೆರೆಯ ಏರಿಯ ಮೇಲೆ ಕುಳಿತಿದ್ದೆವು. ಅವರ ಕೈಯಲ್ಲಿ ಕಡಲೆಕಾಯಿಯ ಪೊಟ್ಟಣ. ಕೆರೆಯ ನಡುವೆ ತೇಲುವ ಗುಂಡುಗಳಿಗೆ ಮೂರು ಸಣ್ಣ ಹಾಯಿದೋಣಿಗಳನ್ನು ಕಟ್ಟಿದ್ದರು.

"ಮೂರೂ ಒಂದೇ ಕಡೆ ಮುಖ ಮಾಡಿವೆ ನೋಡಿ ಸಾರ್. ಶಿಸ್ತಾಗಿ ನಿಲ್ಸಿದ್ದಾರೆ."

"ಯಾರೂ ನಿಲ್ಸಿಲ್ಲ ಉಸ್ತಾದ್. ಮೂತಿಗೆ ಹಗ್ಗ ಕಟ್ಟಿ ಬಿಟ್ರೆ ದೋಣಿ ತಾನೇ ಗಾಳಿ ಕಡೆ ತಿರುಗುತ್ತೆ."

"ಗಾಳಿ ಬದಲಾದ್ರೆ?"

"ದೋಣೀನೂ ತಿರುಗುತ್ತೆ."

ಅವರು ತುಟಿಯ ದಾರ ತೆಗೆದು ಹಿಡಿದರು. ದಾರ ದೋಣಿಗಳ ಮೂತಿಯ ಕಡೆಯಿಂದ ಹಿಂಭಾಗದ ಕಡೆಗೆ ಹಾರುತ್ತಿತ್ತು. ಸ್ವಲ್ಪ ಹೊತ್ತಿಗೆ ಗಾಳಿ ಹೊರಳಿತು. ಮೂರೂ ದೋಣಿಗಳು ನಿಧಾನವಾಗಿ, ಒಟ್ಟಿಗೆ, ಮೂತಿ ತಿರುಗಿಸಿದವು. ಉಸ್ತಾದ್ ಕಡಲೆಕಾಯಿ ಪೊಟ್ಟಣವನ್ನು ಕಲ್ಲಿನ ಮೇಲಿಟ್ಟರು.

"ಯಾ ಅಲ್ಲಾ," ಎಂದರು. "ನಾನು ಹಿಂದಕ್ಕೆ ಹೊಲಿದ್ಬಿಟ್ಟೆ."

ನನಗೆ ಅರ್ಥವಾಗಲು ಸಮಯ ಹಿಡಿಯಿತು. ಮಹದೇವಪುರದ ಅಂಗಳದಲ್ಲಿ ದೋಣಿ ನಿಂತಿದ್ದು ಗೇಟಿಗೆ, ಅಂದರೆ ಪೂರ್ವಕ್ಕೆ, ಮೂತಿ ಮಾಡಿ. ಮುಂಗಾರಿನ ಗಾಳಿ ಪಶ್ಚಿಮದಿಂದ, ದೋಣಿಯ ಹಿಂಭಾಗದಿಂದ ಬೀಸುತ್ತಿತ್ತು. ಉಸ್ತಾದ್ ಸೊಂಡಿಲಿನ ಬಾಯಿಯನ್ನು ಗಾಳಿಗೆ ಸರಿಯಾಗಿ, ಹಿಂದಕ್ಕೆ ಇಟ್ಟು ಹೊಲಿದಿದ್ದರು. ಆಟೋ ಎಲ್ಲಿ ನಿಲ್ಲಿಸಿದರೆ ಅಲ್ಲೇ ನಿಲ್ಲುತ್ತದೆ. ದೋಣಿಯೂ ಹಾಗೇ ಎಂದುಕೊಂಡಿದ್ದರು. ನೀರಿನ ಮೇಲೆ ದೋಣಿ ಮೂತಿಯನ್ನು ಗಾಳಿಗೆ ಕೊಟ್ಟು ನಿಂತರೆ ಆ ಬಾಯಿಗೆ ಗಾಳಿ ಸಿಗುವುದೇ ಇಲ್ಲ.

"ಎರಡು ತಿಂಗಳಾಯ್ತು ಸಾರ್, ಅಮ್ಮ ಅದರೊಳಗೆ ಮಲಗಿದ್ದಾರೆ. ಏಪ್ರಿಲ್ ಬಿಸಿಲು. ನಾನು ಮಾತು ಕೊಟ್ಟಿದ್ದೆ."

"ಫೋನ್ ಮಾಡೋಣ."

"ಏನಂತ ಕೇಳೋದು, ಉಸಿರಾಡ್ತಿದೀರಾ ಅಂತಾನಾ?"

ನಾನು ಫೋನ್ ಮಾಡಿದೆ. ಸಿಗ್ನಲ್ ಸಿಗಲಿಲ್ಲ. ಮಾರನೇ ದಿನ ತಂಗಿ ಸಿಕ್ಕರು. ಎಲ್ಲ ಚೆನ್ನಾಗಿದೆ ಎಂದರು. ಸಂಕೋಚಕ್ಕೆ ಹಾಗೆ ಹೇಳುತ್ತಿದ್ದಾರೆ ಎಂದು ಉಸ್ತಾದ್ ತೀರ್ಮಾನಿಸಿದರು. ಬಂದ ಕೆಲಸಗಳನ್ನು ಪಕ್ಕದ ಅಂಗಡಿಗೆ ಕಳಿಸಿ, ಹೊಸ ಸೊಂಡಿಲು ಹೊಲಿಯಲು ಕುಳಿತರು. ಕಿಂಡಿಯ ಅಳತೆ ಅವರ ಕೈಗಳಲ್ಲೇ ಇತ್ತು. ಬಾಯಿಯನ್ನು ಈ ಸಲ ಮುಂದಕ್ಕೆ ಇಟ್ಟರು.

ಮೇ ಎರಡನೇ ವಾರ ಹಗಲು ರೈಲಿನಲ್ಲಿ ನಾವಿಬ್ಬರೂ ಕುಮಟಾಕ್ಕೆ ಹೋದೆವು. ಗಂಟನ್ನು ಅವರು ಮೇಲಿನ ಹಲಗೆಗೆ ಹಾಕಲಿಲ್ಲ, ತೊಡೆಯ ಮೇಲೆ ಇಟ್ಟುಕೊಂಡರು. ಘಟ್ಟದ ಸುರಂಗಗಳಲ್ಲಿ ಕಿಟಕಿಯ ಬಳಿ ದಾರ ಹಿಡಿದರು. ಎದುರಿನ ಸೀಟಿನ ಹೆಂಗಸು ಯಾವುದೋ ಹರಕೆ ಎಂದುಕೊಂಡು ತಮ್ಮ ಕಾಲನ್ನು ಮಡಚಿ ಕುಳಿತರು. ರಾತ್ರಿ ಕುಮಟಾದಲ್ಲಿ ಉಳಿದು ಮಾರನೇ ದಿನ ದಡಕ್ಕೆ ಹೋದೆವು. ಉಸ್ತಾದ್ ಸಮುದ್ರ ನೋಡಿದ್ದು ಅದೇ ಮೊದಲು.

"ಹೇಗಿದೆ ಉಸ್ತಾದ್?" ಎಂದು ಕೇಳಿದೆ.

"ದೊಡ್ಡದಿದೆ. ಮೇಡಂ ದೋಣಿ ಎಲ್ಲಿ?"

ಹೊಳೆಯ ಬಾಯಲ್ಲಿ, ದಡದಿಂದ ಇನ್ನೂರು ಅಡಿ ದೂರದಲ್ಲಿ ಲಂಗರು ಹಾಕಿತ್ತು. ಮೀನುಗಾರರೊಬ್ಬರು ತಮ್ಮ ದೋಣಿಯಲ್ಲಿ ಬಿಟ್ಟರು. ಹಳೆಯ ಸೊಂಡಿಲು ಕಿಂಡಿಯ ಮೇಲೆ ಎತ್ತಿ ಕಟ್ಟಿತ್ತು. ಬೆನ್ನು ಗಾಳಿಗೆ, ಬಾಯಿ ಹಿಂದಕ್ಕೆ. ಉಸ್ತಾದ್ ಅದನ್ನು ಕಂಡು ಕಣ್ಣು ಕೆಳಗೆ ಹಾಕಿದರು.

ಅಕ್ಕನವರು ಹಿಂದಿನ ಬಾಗಿಲಲ್ಲಿ ಕುಳಿತು ಸೊಪ್ಪು ಬಿಡಿಸುತ್ತಿದ್ದರು. "ಬನ್ರೀ ಉಸ್ತಾದ್ರೇ. ಊಟದ ಹೊತ್ತಿಗೇ ಬಂದ್ರಿ."

"ಅಮ್ಮಾ, ನಾನು ಹಿಂದುಮುಂದು ಮಾಡ್ಬಿಟ್ಟಿದ್ದೆ. ಮಾಫ್ ಮಾಡಿ."

"ಗೊತ್ತು," ಎಂದು ತಂಗಿ ಒಳಗಿನಿಂದ ಹೇಳಿದರು. "ಲಂಗರು ಹಾಕಿದ ದಿನಾನೇ ಗೊತ್ತಾಯ್ತು."

"ಮತ್ತೆ ಯಾಕೆ ಹೇಳ್ಲಿಲ್ಲ ಮೇಡಂ?"

"ಹೇಳಿದ್ರೆ ಬಂದು ಬಿಚ್ಚಿಹಾಕ್ತಿದ್ರಿ. ನಮಗೆ ಸರಿಯಾಗಿದೆ ಕಣ್ರೀ ಇದು."

ಉಸ್ತಾದ್ ನಂಬಲಿಲ್ಲ. ಹಳೆಯದನ್ನು ಬಿಚ್ಚಿ ಹೊಸದನ್ನು ಕಟ್ಟಿದರು. ಗಾಳಿ ನುಗ್ಗಿತು. ಒಳಗೆ ಕ್ಯಾಲೆಂಡರ್ ಪಟಪಟ ಬಡಿಯಿತು, ಅಕ್ಕನವರ ಮಾತ್ರೆಯ ಚೀಟಿ ಹಾರಿ ಹಿಂದಿನ ಬಾಗಿಲಿನಿಂದ ನೀರಿಗೆ ಬಿತ್ತು. ಉಸ್ತಾದರ ಮುಖ ನಾಲ್ಕು ವಾರದಲ್ಲಿ ಮೊದಲ ಬಾರಿಗೆ ಸಡಿಲವಾಯಿತು. ಬಂಗಡೆ ಸಾರಿನ ಊಟ ಮಾಡಿದೆವು. ಅಕ್ಕನವರು ಮಲಗಿದರು.

ಮೂರು ಗಂಟೆಯ ಹೊತ್ತಿಗೆ ಸಮುದ್ರದ ಕಡೆಯಿಂದ ಮೋಡ ಕವಿದು ಮುಂಗಾರಿಗೆ ಮುಂಚಿನ ಜೋರು ಮಳೆ ಬಂತು. ಗಾಳಿಗೆ ತೆರೆದ ಬಾಯಿ ಮಳೆಯನ್ನೂ ಹಿಡಿಯಿತು. ಅರ್ಧ ನಿಮಿಷದಲ್ಲಿ ಹಾಸಿಗೆ ನೆನೆಯಿತು. ತಂಗಿ ಕಿಂಡಿ ಮುಚ್ಚಿದರು. ಕಿಂಡಿ ಮುಚ್ಚುತ್ತಿದ್ದಂತೆ ಗಾಳಿ ನಿಂತಿತು. ಐದು ನಿಮಿಷದೊಳಗೆ ಒಳಗೆ ಒದ್ದೆ ಬಟ್ಟೆ, ಸೀಮೆಎಣ್ಣೆ, ಮೀನಿನ ವಾಸನೆಗಳು ಒಟ್ಟಾಗಿ ನಿಂತವು. ಅಕ್ಕನವರು ಎದ್ದು ಕುಳಿತರು. ಎದೆ ಒತ್ತಿಕೊಂಡರು. ಉಸಿರಿನಲ್ಲಿ ಸಿಳ್ಳೆಯ ಸದ್ದು ಶುರುವಾಯಿತು. ತಂಗಿ ಇನ್‌ಹೇಲರ್ ಹುಡುಕುತ್ತಾ ಡಬ್ಬಿಗಳನ್ನು ಉರುಳಿಸಿದರು.

ಉಸ್ತಾದ್ ಮಳೆಯಲ್ಲಿ ಮೇಲೆ ಹೋದರು. ಜಾರುವ ಮಾಡಿನ ಮೇಲೆ ಮಂಡಿಯೂರಿ ಹೊಸದರ ಒಂಬತ್ತು ಐಲೆಟ್ ಬಿಚ್ಚಿ, ಹಳೆಯದರ ಒಂಬತ್ತು ಐಲೆಟ್ ಕಟ್ಟಿದರು. ಸಲಹೆ ಕೊಟ್ಟದ್ದು ತಂಗಿಯಲ್ಲ, ನಾನೂ ಅಲ್ಲ. ಕಟ್ಟಿ ಮುಗಿಸಿ "ತೆಗೀರಿ!" ಎಂದು ಮಾಡಿನ ಮೇಲೆ ಬಡಿದರು. ತಂಗಿ ಕಿಂಡಿ ತೆಗೆದರು.

ಮಳೆ ಸೊಂಡಿಲಿನ ಬೆನ್ನಿನ ಮೇಲೆ ಬಿದ್ದು ಎರಡೂ ಪಕ್ಕಕ್ಕೆ ಹರಿದು ಹೋಯಿತು. ಒಳಗೆ ಒಂದು ಹನಿ ಬೀಳಲಿಲ್ಲ. ಉಸ್ತಾದ್ ನೆನೆದುಕೊಂಡೇ ಇಳಿದು ಬಂದು ಅಕ್ಕನವರ ದೇವರ ಪಟದ ಬಳಿಯಿಂದ ಒಂದು ಊದುಬತ್ತಿ ತೆಗೆದು ಹಚ್ಚಿದರು. ಅದನ್ನು ಅಕ್ಕನವರಿಂದ ದೂರ, ಕಿಂಡಿಯ ಕೆಳಗೆ ಹಿಡಿದರು. ಹೊಗೆ ನೇರವಾಗಿ ಮೇಲೆದ್ದು ಸೊಂಡಿಲಿನೊಳಗೆ ಸೇರಿ ಹೊರಗೆ ಹೋಯಿತು. ಕಿಂಡಿಯಿಂದ ಗಾಳಿ ಒಳಗೆ ಬರುತ್ತಿರಲಿಲ್ಲ. ಹೊರಗೆ ಸೊಂಡಿಲನ್ನು ಸುತ್ತಿ ಓಡುವ ಗಾಳಿ ಒಳಗಿನದನ್ನು ಎಳೆದುಕೊಂಡು ಹೋಗುತ್ತಿತ್ತು. ಹೊಸ ಗಾಳಿ ಹಿಂದಿನ ಬಾಗಿಲಿನಿಂದ, ಚಪ್ಪರದ ನೆರಳಿನಿಂದ ಬರುತ್ತಿತ್ತು. ಊದುಬತ್ತಿಯನ್ನು ಆರಿಸಿ, ತುಟಿಯಲ್ಲಿದ್ದ ಒದ್ದೆ ದಾರವನ್ನು ಎಸೆದು, ಅಕ್ಕನವರ ಸೀರೆಯ ಅಂಚಿನಿಂದ ಒಂದು ಒಣ ಎಳೆ ಕೇಳಿ ತೆಗೆದುಕೊಂಡು, ಹಲಗೆಯ ಗುರುತಿನ ಮೇಲೆ ಇಳಿಬಿಟ್ಟರು. ಗುರುತು ಇನ್ನೂ ಇತ್ತು. ಎಳೆ ನಿಧಾನವಾಗಿ, ಮೂತಿಯ ಕಡೆಗೆ ವಾಲಿತು.

ಹದಿನೈದು ನಿಮಿಷದಲ್ಲಿ ಅಕ್ಕನವರ ಉಸಿರಿನ ಸಿಳ್ಳೆ ನಿಂತಿತು. ಇನ್‌ಹೇಲರ್ ಅಕ್ಕಿ ಡಬ್ಬಿಯ ಹಿಂದೆ ಸಿಕ್ಕಿತ್ತು, ಅದೂ ಕಾರಣವಿರಬಹುದು.

"ಓಡೋ ಆಟೋದಲ್ಲಿ ಹೊಗೆ ಹಿಂದಿನಿಂದ ಒಳಗೆ ಬರ್ತದೆ ಸಾರ್," ಎಂದು ಉಸ್ತಾದ್ ಸ್ವಲ್ಪ ಹೊತ್ತಿನ ಮೇಲೆ ಹೇಳಿದರು. "ನಲವತ್ತು ವರ್ಷದಿಂದ ನೋಡ್ತಾ ಇದೀನಿ. ಯಾಕೆ ಅಂತ ಕೇಳ್ಕೊಂಡಿಲ್ಲ."

"ಹಡಗಿನ ಒಳಗೆ ಗಾಳಿ ಹಿಂದಿನಿಂದ ಮುಂದಕ್ಕೇ ಹೋಗೋದು ಅಂತ ನಮಗೆ ಕಲಿಸಿದ್ರು," ಎಂದು ತಂಗಿ ಹೇಳಿದರು. "ನೀವು ಅದಕ್ಕೆ ಸರಿಯಾಗಿ ಹೊಲಿದಿದ್ದೀರಿ."

"ಹೊಲಿದಿದ್ದಲ್ಲ ಮೇಡಂ. ಆಗಿದ್ದು. ನಾನು ಹೊಲಿದಿದ್ದು ಅದು." ಬಾಗಿಲ ಬಳಿ ಮುದುಡಿ ಬಿದ್ದಿದ್ದ ಹೊಸ ಸೊಂಡಿಲನ್ನು ತೋರಿಸಿದರು.

"ನಂಗೆ ಆಗಿದ್ದೇ ಸಾಕು," ಎಂದರು ಅಕ್ಕ. "ಹೊಲಿದಿದ್ದು ನೀವೇ ಇಟ್ಕೊಳ್ಳಿ." ಅವರು ನಕ್ಕರು, ತಂಗಿಯೂ ನಕ್ಕರು. ಉಸ್ತಾದ್ ಸೊಪ್ಪಿನ ಬುಟ್ಟಿಯನ್ನು ಹತ್ತಿರ ಎಳೆದುಕೊಂಡು ಉಳಿದ ಸೊಪ್ಪು ಬಿಡಿಸಲು ಕುಳಿತರು. ಹೊಸದನ್ನು ದೋಣಿಯಲ್ಲೇ ಬಿಟ್ಟು ಬಂದರು, ಮಳೆಯಿಲ್ಲದ ದಿನಗಳಿಗೆ ಬೇಕಾದೀತು ಎಂದು.

ಬೆಂಗಳೂರಿಗೆ ಮರಳಿದ ಮೂರನೇ ದಿನ ಅವರು ನಮ್ಮ ಕಚೇರಿಗೆ ಬಂದರು. ಸೆಪ್ಟೆಂಬರಿನ ಸುದ್ದಿಯ ತುಣುಕು ಕೈಯಲ್ಲಿತ್ತು. ಗೋಡೆಯ ಸುಣ್ಣ ಅದರ ಬೆನ್ನಿಗೆ ಅಂಟಿಕೊಂಡಿತ್ತು.

"ಇದಕ್ಕೆ ತಿದ್ದುಪಡಿ ಹಾಕಿ ಸಾರ್."

"ಬರೆದಾಗ ಅದು ಗಾಳಿ ಕಡೆಗೇ ಇತ್ತಲ್ಲ ಉಸ್ತಾದ್. ಸುದ್ದಿ ತಪ್ಪಿಲ್ಲ."

"ಅಂಗಳದಲ್ಲಿ ಸರಿ. ನೀರಲ್ಲಿ ತಪ್ಪು. ಹೊಲಿದಿದ್ದು ಅಂಗಳಕ್ಕಾ, ನೀರಿಗಾ?"

ಪತ್ರಿಕೆ ತನ್ನ ತಪ್ಪನ್ನು ಮಾತ್ರ ತಿದ್ದುತ್ತದೆ, ಸುದ್ದಿಯಲ್ಲಿರುವವರ ತಪ್ಪನ್ನಲ್ಲ ಎಂದು ವಿವರಿಸಿದೆ. ಅವರು ಕೇಳಿಸಿಕೊಂಡರು. ಹಾಲಿನ ನಡುವೆ ಇನ್ನೊಮ್ಮೆ ದಾರ ಹಿಡಿದು ನೋಡಿ ಹೊರಟುಹೋದರು. ಆಮೇಲೆ ಸಿಕ್ಕಾಗಲೆಲ್ಲ ಕೇಳುತ್ತಿದ್ದರು. "ಬಂತಾ ಸಾರ್?" "ಇಲ್ಲ ಉಸ್ತಾದ್." "ನೋಡ್ತಾ ಇದೀನಿ. ದಿನಾ ಎರಡನೇ ಪುಟ ನೋಡ್ತಾ ಇದೀನಿ." ಗೋಡೆಯಲ್ಲಿ ಆ ತುಣುಕು ಇದ್ದ ಜಾಗವನ್ನು ಖಾಲಿ ಬಿಟ್ಟಿದ್ದರು. ಬೇರೆ ಏನನ್ನೂ ಅಲ್ಲಿ ಅಂಟಿಸಲಿಲ್ಲ. ಕೊನೆಯದಾಗಿ ಕೇ‌ಳಿದ್ದು ಈ ಮಾರ್ಚಿನಲ್ಲಿ.

ಅಂಗಡಿ ಖಾಲಿಯಾದ ಮೂರನೇ ದಿನ, ಏಪ್ರಿಲ್ ಹನ್ನೆರಡರ ಸಂಚಿಕೆಯ ಎರಡನೇ ಪುಟದ ಕೆಳಗೆ, ಎಡಗಡೆ ಇದು ಪ್ರಕಟವಾಯಿತು:

'ತಿದ್ದುಪಡಿ: ಹಾಯಿದೋಣಿಯ ಕೋಣೆಯನ್ನು ತಂಪಾಗಿಡುವ ಬಟ್ಟೆಯ ಸೊಂಡಿಲು ಗಾಳಿ ಬರುವ ದಿಕ್ಕಿಗೆ ಬಾಯಿ ಮಾಡಿ ನಿಲ್ಲುತ್ತದೆ ಎಂದು ಈ ಹಿಂದೆ ನಗರ ಪುಟದಲ್ಲಿ ಪ್ರಕಟವಾಗಿತ್ತು. ಲಂಗರು ಹಾಕಿದ ದೋಣಿಯಲ್ಲಿ ಅದು ಗಾಳಿಗೆ ಬೆನ್ನು ಮಾಡಿ ನಿಲ್ಲುತ್ತದೆ. ಬಾಯಿಯನ್ನು ತಪ್ಪಾಗಿ ಹಿಂದಕ್ಕೆ ಹೊಲಿಯಲಾಗಿತ್ತು ಎಂದು ಹೊಲಿದವರು ತಿಳಿಸಿದ್ದಾರೆ.'

ಪತ್ರಿಕೆ ಕುಮಟಾಕ್ಕೆ ಒಂದು ದಿನ ತಡವಾಗಿ ತಲುಪುತ್ತದೆ. ಹದಿಮೂರರಂದು ಸಂಜೆ ಅಕ್ಕನವರು ಫೋನ್ ಮಾಡಿದರು. ಸಾವಿನ ವಿಷಯ ಅವರಿಗೆ ತಿಳಿದಿತ್ತು.

"ತಪ್ಪು ಅಂತ ಯಾಕ್ರೀ ಹಾಕಿದ್ರಿ?"

"ಅವರೇ ಕೇಳಿದ್ರು ಅಮ್ಮಾ."

ಹಿನ್ನೆಲೆಯಲ್ಲಿ ಬಟ್ಟೆ ಪಟಪಟಿಸುವ ಸದ್ದು ಕೇಳುತ್ತಿತ್ತು. ಮಧ್ಯಾಹ್ನ ಎರಡು ಗಂಟೆ ಹೊತ್ತು ಮಲಗಿದ್ದೆ, ಈಗ ಎದ್ದೆ ಎಂದರು. ಆಮೇಲೆ ನಾನು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟರು. ಮುಂದಕ್ಕೆ ಬಾಯಿ ಮಾಡಿ ಹೊಲಿದ ಸೊಂಡಿಲಿನಲ್ಲಿ ಈರುಳ್ಳಿ ತುಂಬಿ ಕ್ಯಾಬಿನ್ನಿನಲ್ಲಿ ನೇತುಹಾಕಿದ್ದಾರೆ. ಹಿಂದಕ್ಕೆ ಬಾಯಿ ಮಾಡಿದ್ದು ಕಿಂಡಿಯ ಮೇಲೇ ಇದೆ. ಬಟ್ಟೆ ಬಿಸಿಲಿಗೆ ಬಣ್ಣ ಕಳೆದುಕೊಂಡಿದೆ. ಎರಡು ಐಲೆಟ್‌ಗಳಿಗೆ ಕಿಲುಬು ಹಿಡಿದಿದೆ. ಹೊಲಿಗೆ ಎಲ್ಲೂ ಬಿಟ್ಟಿಲ್ಲ.